ಕಾರಣ: ಕೌಟುಂಬಿಕ

"ಸುಳ್ಳು ಹೇಳಿ ಅಂತ ನಾನು ಹೇಳ್ತಿಲ್ಲ ಮೇಡಂ. ಇರೋದನ್ನೇ ಸ್ವಲ್ಪ ಜೋರಾಗಿ ಹೇಳಿ ಅಂತಿದ್ದೀನಿ, ಅಷ್ಟೇ."

ವಕೀಲರ ಈ ಮಾತು ಬೆಳಿಗ್ಗೆಯಿಂದ ಅವಳ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಜೋರಾಗಿ ಹೇಳುವುದು ಹೇಗೆಂಬುದೇ ಅವಳಿಗೆ ಮರೆತುಹೋಗಿತ್ತು. ಚಿಲಕಕ್ಕೆ ಕರವಸ್ತ್ರ ಸುತ್ತಿ, ಉಸಿರು ಬಿಗಿಹಿಡಿದು, ಚೂರೂ ಸದ್ದಾಗದಂತೆ ಅದನ್ನು ಸರಿಸಿದಳು. ಹಿಂದೆ ಗಂಡ ಇಸ್ತ್ರಿ ಮಾಡಿದ ಷರ್ಟಿನ ತೋಳಿನ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದ. ಮದುವೆಮನೆಗೆ ಹೊರಟವನ ಹಾಗಿದ್ದ.

"ಬೇಗ ಮುಗಿಯುತ್ತಲ್ಲ?" ಎಂದು ಕೇಳಿದ.

"ಮುಗಿಯುತ್ತೆ."

"ಏನು ಕೇಳ್ತಾರೆ?"

"ಇದ್ದದ್ದು ಇದ್ದ ಹಾಗೆ ಹೇಳಿ ರೀ. ಹೋದ ಸಲದ ಹಾಗೆ ಮಾಡಬೇಡಿ."

ಹೋದ ಸಲ ಎಂದರೆ ಎರಡು ವರ್ಷದ ಹಿಂದೆ. ಸೈನ್ಯ ಬಿಟ್ಟು ಬಂದವರ ಗಾಯಗಳನ್ನು ಅಳೆಯುವ ಮಂಡಳಿ ಆಗ ಅವನ ಮನಸ್ಸನ್ನೂ ಅಳೆದು, ಶೇಕಡ ಇಪ್ಪತ್ತು ಕೆಟ್ಟಿದೆ ಎಂದು ಬರೆದಿತ್ತು. ಕಾಲು ಹೋದವನಿಗೆ ಕಾಲಿಲ್ಲದ್ದು ಎಲ್ಲರಿಗೂ ಕಾಣುತ್ತದೆ. ಮನಸ್ಸು ಹೋದವನು ಮಾತ್ರ ಎದುರು ಕೂತು, ತನ್ನಲ್ಲಿ ಎಷ್ಟು ಉಳಿದಿದೆ ಎಂದು ತಾನೇ ಬಾಯಿಬಿಟ್ಟು ಹೇಳಬೇಕು. ಶೇಕಡ ಐವತ್ತು ಎಂದರೆ ಸೈನ್ಯದ ಆಸ್ಪತ್ರೆಯಲ್ಲಿ ಸೇರಿಸಿಕೊಂಡು ನೋಡುತ್ತಾರೆ. ಇಪ್ಪತ್ತೆಂದರೆ ಮಾತ್ರೆ ಬರೆದುಕೊಟ್ಟು ಕಳಿಸುತ್ತಾರೆ. ಇಪ್ಪತ್ತರ ಕೆಳಗೆ ಇನ್ನೊಂದು ಸಾಲಿತ್ತು. ಕಾರಣ: ಕೌಟುಂಬಿಕ.

ಇವತ್ತಿನದು ಅದರ ಮೇಲಿನ ಅಪೀಲು. ವಕೀಲರಿಗೆ ಬೇಕಾದದ್ದು ಐವತ್ತು. ಗಂಡನಿಗೆ ಬೇಕಾದದ್ದು ಬೇಗ ಮನೆ ಸೇರುವುದು. ಅವಳಿಗೆ ಬೇಕಾದದ್ದು ಆ ಎರಡನೆಯ ಸಾಲನ್ನು ಯಾರಾದರೂ ಹೊಡೆದುಹಾಕುವುದು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುವವಳು ಒಂದು ಪದಕ್ಕೆ ಇಷ್ಟೊಂದು ಉರಿದುಕೊಳ್ಳುವುದು ಅವಳಿಗೇ ನಾಚಿಕೆ ತರಿಸುತ್ತಿತ್ತು. ಆದರೆ ಕೌಟುಂಬಿಕ ಎಂದರೆ ಯಾರು? ಮಕ್ಕಳಿಲ್ಲ. ಅತ್ತೆಮಾವ ಇಲ್ಲ. ಕುಟುಂಬದಿಂದ ಗಂಡನನ್ನು ಕಳೆದರೆ ಉಳಿಯುವುದು ಅವಳೊಬ್ಬಳೇ.

ಆ ಸಾಲು ಹುಟ್ಟಿದ್ದೂ ಅವನ ಬಾಯಿಂದಲೇ. "ಮನೆಯಲ್ಲಿ ಏನಾದರೂ ಕಿರಿಕಿರಿ ಇದೆಯಾ?" ಎಂದು ಮಂಡಳಿಯವರು ಕೇಳಿದ್ದರು. ಮೇಲಿನವರು ಕೇಳಿದರೆ ಇಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಬಾರದು, ಹಾಗೆಂದು ದೂರನ್ನೂ ಹೇಳಬಾರದು. ಸೈನ್ಯದಲ್ಲಿ ಅವನು ಕಲಿತ ಮರ್ಯಾದೆ ಅದು. ನಕ್ಕು, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಲ್ವಾ ಸರ್" ಎಂದಿದ್ದ. ಅವರೂ ನಕ್ಕಿದ್ದರು. ನಕ್ಕು ಬರೆದುಕೊಂಡಿದ್ದರು: ದಾಂಪತ್ಯದಲ್ಲಿ ಕಲಹವಿರುವುದನ್ನು ಸ್ವತಃ ಒಪ್ಪಿಕೊಂಡಿರುತ್ತಾರೆ.

ಜಗಳವಾಡಲು ದನಿ ಬೇಕು. ಆ ಮನೆಯಲ್ಲಿ ದನಿಯೆತ್ತಿ ವರ್ಷಗಳೇ ಆಗಿದ್ದವು.

ಅವನು ಸೈನ್ಯದಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದ. ಒಂದು ಸಂಜೆ ಗುಡ್ಡದಾಚೆಯ ಠಾಣೆಯ ಮೇಲೆ ಶೆಲ್ ಬಿದ್ದಾಗ ಅಲ್ಲಿದ್ದ ಮೂವರ ದನಿ ಅವನ ಕಿವಿಯಲ್ಲಿತ್ತು. ಮೊದಲು ಸ್ಫೋಟದ ಸದ್ದು, ಆಮೇಲೆ ಮೂವರೂ ಕರೆದದ್ದು, ಆಮೇಲೆ ಒಬ್ಬನೇ ಕರೆದದ್ದು. ಅವನು ಇಷ್ಟನ್ನೇ ಹೇಳಿದ್ದ, ಅದನ್ನೂ ಒಂದೇ ಸಲ. ಸೈನ್ಯ ಬಿಟ್ಟು ಬಂದ ಹೊಸತರಲ್ಲಿ, ಬಾಗಿಲಲ್ಲಿ ಗ್ಯಾಸ್ ಸಿಲಿಂಡರ್ ದಡಾರನೆ ಇಳಿಸಿದ್ದಕ್ಕೆ, ಅದನ್ನು ತಂದವನನ್ನು ಮೇಜಿನ ಕೆಳಗೆ ಎಳೆದುಕೊಂಡು, ಮೈಮೇಲೆ ಬಿದ್ದು, ಬಾಯಿ ಒತ್ತಿ ಹಿಡಿದಿದ್ದ. ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದ. ಆ ಮನುಷ್ಯನ ಪಕ್ಕೆಲುಬು ಮುರಿದಿತ್ತು, ಬಿಡಿಸಲು ಹೋದ ಅವಳ ಮಣಿಕಟ್ಟೂ ಮುರಿದಿತ್ತು. ಮಾನ ಹೋಗುತ್ತದೆಂದು ಅವಳೇ ಓಡಾಡಿ, ಆ ಮನುಷ್ಯನ ಕೈಕಾಲು ಹಿಡಿದು, ಯಾರ ಕಿವಿಗೂ ಬೀಳದಂತೆ ಮುಚ್ಚಿಹಾಕಿದ್ದಳು. ಎಷ್ಟು ಚೆನ್ನಾಗಿ ಮುಚ್ಚಿದ್ದಳೆಂದರೆ ಈಗ ಅದಕ್ಕೆ ಸಾಕ್ಷಿಯೇ ಇಲ್ಲ.

ಅವತ್ತಿನಿಂದ ಸದ್ದುಗಳನ್ನು ಒಂದೊಂದಾಗಿ ಮನೆಯಿಂದ ಆಚೆ ಹಾಕಿದಳು. ಕುಕ್ಕರ್ ಅಟ್ಟ ಸೇರಿತು. ಕರೆಗಂಟೆಯ ತಂತಿ ಕಿತ್ತಳು. ಕುರ್ಚಿಯ ಕಾಲುಗಳಿಗೆ ಹಳೆಯ ಕಾಲುಚೀಲ ತೊಡಿಸಿದಳು. ಸ್ಟೀಲಿನ ತಟ್ಟೆ ಲೋಟಗಳನ್ನೆಲ್ಲ ತಮ್ಮನ ಮನೆಗೆ ಕೊಟ್ಟು ಪ್ಲಾಸ್ಟಿಕ್ಕಿನವು ತಂದಳು. ಅವನು ಮೂಲೆಯಲ್ಲಿ ಕೂತು ಬೆತ್ತದ ಕುರ್ಚಿ ಹೆಣೆಯುತ್ತಾನೆ, ಅವಳು ಕೋಣೆಗೆ ಕಾಲಿಡುವ ಮುಂಚೆ ಸಣ್ಣಗೆ ಕೆಮ್ಮುತ್ತಾಳೆ. ಈಗ ತರಗತಿಗೆ ಹೋಗುವಾಗಲೂ ಕೆಮ್ಮು ತಾನಾಗಿಯೇ ಬರುತ್ತದೆ. ವಿದ್ಯಾರ್ಥಿಗಳು ಅವಳಿಗೆ ಕೆಮ್ಮಮ್ಮ ಎಂದು ಹೆಸರಿಟ್ಟಿದ್ದಾರೆ. "ನಿಮ್ಮ ಪುಣ್ಯ ಕಣ್ರೀ, ಒಂದು ದಿನ ನಿಮ್ಮಿಬ್ಬರ ದನಿ ಗೋಡೆ ದಾಟಿಲ್ಲ" ಎಂದು ಪಕ್ಕದ ಮನೆಯಾಕೆ ಹೊಟ್ಟೆಕಿಚ್ಚುಪಡುತ್ತಾಳೆ.

ಮಂಡಳಿಯ ಕಟ್ಟಡಕ್ಕೆ ಅವಳು ಅವನನ್ನು ಸುತ್ತುದಾರಿಯಲ್ಲಿ ಕರೆತಂದಳು. ಶಾಲೆಯ ಬೀದಿ ಬೇಡ, ಗ್ಯಾರೇಜುಗಳ ಬೀದಿಯಂತೂ ಬೇಡವೇ ಬೇಡ. ಆಸ್ಪತ್ರೆಯ ಹಿಂದಿನ ಗೋಡೆಗುಂಟ ನಡೆದರೆ ಎರಡರಷ್ಟು ದೂರ, ಆದರೆ ಅಲ್ಲಿ ಒಣಹಾಕಿದ ಬಿಳಿ ಬಟ್ಟೆ ಬಿಟ್ಟರೆ ಏನೂ ಇಲ್ಲ. ಅವನು ಏನೂ ಕೇಳದೆ ಜೊತೆಗೆ ಹೆಜ್ಜೆ ಹಾಕಿದ. ಯಾಕೆ ಈ ದಾರಿ ಎಂದು ಅವನು ಒಂದು ದಿನವೂ ಕೇಳಿದವನಲ್ಲ. ಅವನಿಗೆ ಗೊತ್ತಿದೆಯೋ ಇಲ್ಲವೋ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಕಾರಿಡಾರಿನಲ್ಲಿ ವಕೀಲರು ಅವನನ್ನು ಮೇಲಿಂದ ಕೆಳಗೆ ನೋಡಿ ಮುಖ ಹುಳ್ಳಗೆ ಮಾಡಿದರು.

"ಇಷ್ಟು ನುಣ್ಣಗೆ ಶೇವ್ ಮಾಡ್ಕೊಂಡು ಬರಬಾರದಿತ್ತು."

"ಅಭ್ಯಾಸ ಸರ್," ಎಂದ ಅವನು.

"ಶೂ ಪಾಲಿಶು ಬೇರೆ." ವಕೀಲರು ಅವಳತ್ತ ತಿರುಗಿ ದನಿ ತಗ್ಗಿಸಿದರು. "ಮೇಡಂ, ಎಲ್ಲ ನಿಮ್ಮ ಮೇಲೇ ನಿಂತಿದೆ. ಈಚೆಗೆ ನಡೆದದ್ದು ಒಂದು ಘಟನೆ ಬೇಕು. ಇಲ್ಲದಿದ್ದರೆ ಒಂದನ್ನ ನೆನಪು ಮಾಡ್ಕೊಳ್ಳಿ."

"ಇಲ್ಲದೇ ಇರೋದನ್ನ ನೆನಪು ಮಾಡ್ಕೊಳ್ಳೋದು ಹೇಗೆ?"

"ನೀವು ಓದಿದವರು. ನಾನು ಹೇಳಿಕೊಡಬೇಕಾ?"

ಒಳಗೆ ಉದ್ದನೆಯ ಮೇಜಿನ ಆಚೆ ಇಬ್ಬರಿದ್ದರು. ಒಬ್ಬರು ಅಧ್ಯಕ್ಷರು, ನಿವೃತ್ತ ಸೇನಾಧಿಕಾರಿ, ನೆಟ್ಟನೆಯ ಬೆನ್ನು. ಇನ್ನೊಬ್ಬರು ಮನೋವೈದ್ಯೆ, ಹೆಚ್ಚುಕಡಿಮೆ ಅವಳದೇ ವಯಸ್ಸು, ಆಯಾಸದ ಕಣ್ಣುಗಳು. ಅವಳು ಬಾಗಿಲಲ್ಲಿ ಕೆಮ್ಮಿ ಒಳಗೆ ಕಾಲಿಟ್ಟದ್ದನ್ನು ವೈದ್ಯೆ ತಲೆಯೆತ್ತಿ ನೋಡಿದರು.

"ಹೇಗಿದ್ದೀರಿ?" ಅಧ್ಯಕ್ಷರು ಕೇಳಿದರು.

ಕುರ್ಚಿಯಲ್ಲಿ ಆಗಷ್ಟೇ ಕೂತಿದ್ದ ಗಂಡ ಎದ್ದು ನಿಂತ. ಹಿಮ್ಮಡಿಗಳು ಕೂಡಿದವು.

"ಚೆನ್ನಾಗಿದ್ದೀನಿ ಸರ್."

"ಕೂತ್ಕೊಳ್ಳಿ, ಕೂತ್ಕೊಳ್ಳಿ. ನಿದ್ದೆ?"

"ಬರುತ್ತೆ ಸರ್."

"ಊಟ?"

"ಸೇರುತ್ತೆ ಸರ್."

ವಕೀಲರು ಗಂಟಲು ಸರಿಮಾಡಿಕೊಂಡರು. ಅವನು ಅವರತ್ತ ನೋಡಲೇ ಇಲ್ಲ. ದೊಡ್ಡ ಅಧಿಕಾರಿ ಎದುರಿಗಿರುವಾಗ ಪಕ್ಕಕ್ಕೆ ನೋಡುವ ಪಾಠ ಅವನಿಗೆ ಆಗಿರಲಿಲ್ಲ.

"ಹಾಗಾದರೆ ತೊಂದರೆ ಏನು?"

ಅವನು ಸ್ವಲ್ಪ ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಅದು ಅವಳಿಗೆ ಕಂಡಿತು. ಆಮೇಲೆ ವಿಶ್ವಾಸದಿಂದ ಅವಳತ್ತ ಕೈ ತೋರಿಸಿದ. "ಅವಳನ್ನ ಕೇಳಿ ಸರ್. ಅವಳಿಗೆ ಗೊತ್ತು."

ಅವನನ್ನು ಹೊರಗೆ ಕೂರಲು ಹೇಳಿದರು. "ಒಬ್ಬರೇನಾ?" ಎಂದು ಅವಳ ಬಾಯಿಂದ ಬಂದುಬಿಟ್ಟಿತು. ಅಧ್ಯಕ್ಷರು ಹುಬ್ಬೇರಿಸಿದರು. ಅವನು ಹೋದ. ಬಾಗಿಲು ಮುಚ್ಚಿಕೊಳ್ಳುವಾಗ ಅವಳು ಅರ್ಧ ಎದ್ದು, ಅದು ಬಡಿದುಕೊಳ್ಳಲಿಲ್ಲವೆಂದು ಖಾತ್ರಿಯಾದ ಮೇಲೆ ಕೂತಳು. ಬಾಗಿಲು ಕಾಣುವಂತೆ ಕುರ್ಚಿಯನ್ನು ಓರೆ ಮಾಡಿಕೊಂಡಳು.

"ಕಳೆದ ಒಂದು ವರ್ಷದಲ್ಲಿ ಅವರು ಯಾರಿಗಾದರೂ ಹೊಡೆದದ್ದು, ಏನಾದರೂ ಒಡೆದದ್ದು, ಮನೆ ಬಿಟ್ಟು ಓಡಿದ್ದು ಇದೆಯಾ?" ಅಧ್ಯಕ್ಷರು ಕೇಳಿದರು.

"ಇಲ್ಲ. ಅಂದರೆ, ಆಗದ ಹಾಗೆ ನೋಡ್ಕೊಂಡಿದ್ದೀನಿ."

"ಆಗಿಲ್ಲ."

"ಆಗದ ಹಾಗೆ ನೋಡ್ಕೊಂಡಿದ್ದೀನಿ."

"ನಾವು ಬರೆಯೋದು ಆಗಿದ್ದನ್ನಮ್ಮ. ಆಗದೇ ಇದ್ದದ್ದನ್ನ ಬರೆಯೋಕೆ ನಮ್ಮಲ್ಲಿ ಜಾಗ ಇಲ್ಲ."

ಕೊಡೆ ಹಿಡಿದವನು ನೆನೆದಿಲ್ಲವೆಂದರೆ ಮಳೆಯೇ ಬಂದಿಲ್ಲ ಎಂದಲ್ಲ. ಪ್ರತಿ ವರ್ಷ ಮೊದಲನೆಯ ತರಗತಿಯಲ್ಲಿ ಅವಳು ಕೊಡುವ ಉದಾಹರಣೆ ಇದು. ಇಲ್ಲಿ ಅದನ್ನು ಹೇಳಹೊರಟರೆ ಪಾಠ ಮಾಡಿದಂತಾಗುತ್ತದೆಂದು ನಾಲಿಗೆ ಕಚ್ಚಿಕೊಂಡು, ಮನೆಯ ವ್ಯವಸ್ಥೆಯನ್ನು ಒಂದೊಂದಾಗಿ ಹೇಳಿದಳು. ಕುಕ್ಕರ್, ಕರೆಗಂಟೆ, ಕಾಲುಚೀಲ, ತಟ್ಟೆ ಲೋಟ. ಹೇಳುತ್ತ ಹೋದಂತೆ ಅದೆಲ್ಲ ಯಾರೋ ತಲೆಕೆಟ್ಟವರ ಮನೆಯ ವಿಷಯದಂತೆ ಅವಳಿಗೇ ಕೇಳಿಸತೊಡಗಿತು. ಅಧ್ಯಕ್ಷರು ಪೆನ್ನನ್ನು ಮೇಜಿನ ಮೇಲೆ ಕುಟ್ಟಿದರು. ಅವಳು ಮಾತು ನಿಲ್ಲಿಸಿ ಬಾಗಿಲತ್ತ ನೋಡಿದಳು.

"ಒಂದು ಘಟನೆ," ವಕೀಲರು ಮೆಲ್ಲಗೆ ನೆನಪಿಸಿದರು. "ಹೋದ ತಿಂಗಳು ಏನೋ ಆಗಿತ್ತು ಅಂದಿದ್ರಲ್ಲ ಮೇಡಂ."

ಅವಳು ಮೇಜಿನ ಅಂಚು ನೋಡಿದಳು.

"ಹೋದ ತಿಂಗಳು," ಎಂದಳು. "ಊಟ ಮಾಡ್ತಾ ಮಾಡ್ತಾ ತಟ್ಟೆ ಎಸೆದರು. ಗೋಡೆಗೆ. ಚೂರು ಚೂರಾಯ್ತು."

"ತಟ್ಟೆ ಪ್ಲಾಸ್ಟಿಕ್ಕಿಂದು ಅಂದ್ರಲ್ಲ," ಎಂದರು ಅಧ್ಯಕ್ಷರು.

ಹೊರಗೆ ಯಾರೋ ನಡೆದುಹೋದರು. ಅವನ ಹೆಜ್ಜೆಯಲ್ಲ. ಅವಳು ಅದನ್ನು ಕೊನೆಯ ತನಕ ಕೇಳಿಸಿಕೊಂಡಳು. ವಕೀಲರು ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು. ಮೂರು ಮಾತಿನಲ್ಲಿ ಎರಡು ಒಂದಕ್ಕೊಂದು ಹೊಡೆದಾಡುವ ಇಂಥ ಹೇಳಿಕೆಯನ್ನು ವಿದ್ಯಾರ್ಥಿಯೊಬ್ಬ ಬರೆದಿದ್ದರೆ ಅವಳು ಕೆಂಪು ಗೆರೆ ಎಳೆದು ಸೊನ್ನೆ ಕೊಡುತ್ತಿದ್ದಳು.

ಆಗ ವೈದ್ಯೆ ಮೊದಲ ಸಲ ಬಾಯಿಬಿಟ್ಟರು. ದನಿ ಮೆತ್ತಗಿತ್ತು.

"ಅದು ಬಿಡಿ. ರಾತ್ರಿ ಹೇಗೆ? ಎಷ್ಟು ಹೊತ್ತು ನಿದ್ದೆ?"

"ಎರಡು ಗಂಟೆ. ಮೂರಾದರೆ ಹೆಚ್ಚು."

"ಎಚ್ಚರ ಆದಾಗ?"

"ಬಾಗಿಲು ನೋಡೋದು. ಕಿಟಕಿ ಬಡ್ಕೊಳ್ಳುತ್ತಾ ಅಂತ ನೋಡೋದು. ನಲ್ಲಿ ಸರಿಯಾಗಿ ನಿಂತಿದೆಯಾ ಅಂತ."

"ಏನಾದರೂ ಸದ್ದಾದರೆ?"

"ಎದೆ ಹೊಡ್ಕೊಳ್ಳುತ್ತೆ. ಕೈಯೆಲ್ಲ ತಣ್ಣಗಾಗುತ್ತೆ. ಸದ್ದು ನಿಂತ ಮೇಲೂ ಬಹಳ ಹೊತ್ತು ಹಾಗೇ ಇರುತ್ತೆ."

"ಜನ ಸೇರೋ ಕಡೆ?"

"ಹೋಗೋದೇ ಇಲ್ಲ. ತಮ್ಮನ ಮದುವೆಗೂ ಹೋಗಲಿಲ್ಲ." ಕೊನೆಗೂ ಮಾತು ಸರಾಗವಾಗಿ ಬರುತ್ತಿತ್ತು. ಇಷ್ಟು ವರ್ಷಗಳಲ್ಲಿ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. "ನಗು ಅನ್ನೋದು ಬರೋದಿಲ್ಲ. ಯಾರಾದರೂ ಜೋರಾಗಿ ನಕ್ಕರೆ ಮೊದಲು ಸಿಟ್ಟು ಬರುತ್ತೆ."

ವೈದ್ಯೆ ಬರೆಯುವುದನ್ನು ನಿಲ್ಲಿಸಿದ್ದರು.

"ಅವರಿಗೆ ನಿದ್ದೆ ಬರುತ್ತೆ ಅಂತ ಅವರೇ ಹೇಳಿದರಲ್ಲ," ಎಂದರು. "ನೀವು ಈಗ ಹೇಳಿದ್ದು ಯಾರ ವಿಷಯ?"

ಅವನು ನಿದ್ದೆ ಮಾಡುತ್ತಾನೆ, ಹೌದು. ಅವಳು ಎಚ್ಚರವಿರುತ್ತಾಳೆಂದು ಗೊತ್ತಿರುವುದರಿಂದ ಮಾಡುತ್ತಾನೆ. ಇದನ್ನು ಹೇಳಬೇಕೆಂದು ಬಾಯಿ ತೆರೆದಳು. ಹೇಳಿದರೂ ಅದು ಆಗಿಲ್ಲದ ವಿಷಯವೇ, ಬರೆಯಲು ಜಾಗವಿಲ್ಲದ್ದೇ.

"ನೀವು ಯಾರಿಗಾದರೂ ತೋರಿಸಿದ್ದೀರಾ ಮೇಡಂ?" ವೈದ್ಯೆ ಕರುಣೆಯಿಂದ ಕೇಳಿದರು. ಆ ಕರುಣೆ ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು.

"ಅಂದರೆ ಮನೆಯ ವಾತಾವರಣ ಸ್ವಲ್ಪ ಬಿಗಿಯಾಗಿದೆ," ಎಂದು ಅಧ್ಯಕ್ಷರು ತಮ್ಮಷ್ಟಕ್ಕೇ ಹೇಳಿಕೊಂಡರು. "ಮೊದಲಿನ ಮಂಡಳಿ ಬರೆದದ್ದು ತೀರಾ ತಪ್ಪೇನೂ ಅಲ್ಲ..."

"ನನ್ನಿಂದ ಅಲ್ಲ," ಎಂದಳು ಅವಳು. ದನಿ ಎದ್ದಿತ್ತು. "ಅವರಿಗೆ ಬಂದದ್ದು ನನ್ನಿಂದ ಅಲ್ಲ. ನನಗೆ ಬಂದದ್ದು ಅವರಿಂದ. ಯಾವುದು ಮೊದಲು, ಯಾವುದು ಆಮೇಲೆ, ಅಷ್ಟಾದರೂ ನೋಡಿ."

ವಕೀಲರು ಅವಳ ಮೊಣಕೈ ಮುಟ್ಟಿದರು. ಅಧ್ಯಕ್ಷರು, ದನಿಯೆತ್ತುವ ಹೆಂಡತಿಯನ್ನು ನೋಡುವ ಹಾಗೆಯೇ ನೋಡಿದರು.

ಆ ಇಬ್ಬರೂ ತಲೆ ಹತ್ತಿರ ತಂದು ಪಿಸುಗುಟ್ಟಿಕೊಂಡರು. ಆಮೇಲೆ ಅಧ್ಯಕ್ಷರು ಹೇಳಿದರು: ಇವತ್ತು ತೀರ್ಮಾನವಿಲ್ಲ. ಮೂರು ತಿಂಗಳ ಬಳಿಕ ಮತ್ತೆ ಬರಬೇಕು. ಅಷ್ಟರಲ್ಲಿ ಈ ವ್ಯವಸ್ಥೆಯನ್ನೆಲ್ಲ ನಿಲ್ಲಿಸಿ ನೋಡಬೇಕು. ಎಲ್ಲರ ಮನೆಯಲ್ಲಿ ಇರುವ ಹಾಗೆ ಇರಬೇಕು.

"ನಿಲ್ಲಿಸಿದಾಗ ಏನಾದರೂ ಆದರೆ?"

"ಆದರೆ ತಾನೆ ನಮಗೆ ಗೊತ್ತಾಗೋದು," ಎಂದರು ಅಧ್ಯಕ್ಷರು. ಅದರಲ್ಲಿ ಕೆಡುಕೇನೂ ಇರಲಿಲ್ಲ. ಮುಂದಿನ ಕಡತಕ್ಕೆ ಆಗಲೇ ಕೈ ಚಾಚಿದ್ದರು.

ಅವನು ಬೆಂಚಿನ ಮೇಲೆ, ಕೂರಲು ಹೇಳಿದ ಹಾಗೆಯೇ, ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದ. ವಕೀಲರು ಅವಳನ್ನು ಮೆಟ್ಟಿಲ ಬಳಿಗೆ ಕರೆದರು. ಅವರ ಮುಖ ಅರಳಿತ್ತು.

"ಕೈ ತಪ್ಪಿತು ಅಂದುಕೊಂಡಿದ್ದೆ, ಒಳ್ಳೆ ಅವಕಾಶ ಸಿಕ್ಕಿದೆ. ಇನ್ನು ಬಾಯಿಮಾತು ಬೇಡ. ಏನಾದರೂ ಆದಾಗ ಮೊಬೈಲಿನಲ್ಲಿ ಒಂದು ವಿಡಿಯೊ ತೆಗೀರಿ, ಸಾಕು. ಕಣ್ಣಾರೆ ನೋಡಿದ ಮೇಲೆ ಯಾರು ಇಲ್ಲ ಅಂತಾರೆ? ಕೌಟುಂಬಿಕ ಅನ್ನೋ ಪದ ಆ ಕ್ಷಣ ಹಾರಿಹೋಗುತ್ತೆ."

"ಆ ಪದ ಹೋಗುತ್ತಾ?"

"ಹೋಗದೆ ಏನು ಮೇಡಂ."

ಮೆಟ್ಟಿಲಿಳಿಯುವಾಗ ಗಂಡ ಕೇಳಿದ, "ಏನಂದರು?"

"ಮತ್ತೆ ಬರಬೇಕಂತೆ."

"ನಾನೇನೂ ತಪ್ಪು ಹೇಳಲಿಲ್ಲ ತಾನೆ?"

"ಇಲ್ಲ."

"ಆ ಸಾಹೇಬರು ಒಳ್ಳೆಯವರು. ಕೂತ್ಕೊಳ್ಳಿ ಅಂತ ಎರಡೆರಡು ಸಲ ಹೇಳಿದರು."

ಅವಳಿಗೆ ಸಿಟ್ಟು ಬಂತು. ಅಧ್ಯಕ್ಷರ ಮೇಲಲ್ಲ, ವೈದ್ಯೆಯ ಮೇಲಲ್ಲ. ಪಕ್ಕದಲ್ಲಿ ನಡೆಯುತ್ತಿದ್ದ ಈ ನುಣ್ಣನೆಯ ಮುಖದ ಮೇಲೆ, ಚೆನ್ನಾಗಿ ನಿದ್ದೆಯಾದ ಈ ಕಣ್ಣುಗಳ ಮೇಲೆ. ಬಿಸಿಯಾದ, ಹಸಿಯಾದ ಸಿಟ್ಟು. ತನ್ನೊಳಗೆ ಇನ್ನೂ ಇಷ್ಟೊಂದು ಉಳಿದಿದೆಯಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಸ್ವಲ್ಪ ಸಂತೋಷವೂ ಆಯಿತು.

ಗೇಟಿನ ಹೊರಗೆ ಅವನು ಅಭ್ಯಾಸಬಲದಿಂದ ಆಸ್ಪತ್ರೆಯ ಗೋಡೆಯತ್ತ ತಿರುಗಿದ.

"ಈ ಕಡೆ ಹೋಗೋಣ," ಎಂದು ಅವಳು ಅಂಗಡಿಬೀದಿ ತೋರಿಸಿದಳು.

"ಅಲ್ಲಿ ಗದ್ದಲ ಅಲ್ವಾ?"

ಅಂದರೆ ಅವನಿಗೆ ಗೊತ್ತಿತ್ತು. ಇಷ್ಟು ವರ್ಷವೂ ಗೊತ್ತಿತ್ತು.

"ಹತ್ತಿರ ಆಗುತ್ತೆ," ಎಂದಳು.

"ಸರಿ ಕಣೆ. ನೀನು ಹೇಳಿದ ಮೇಲೆ ಸರಿ."

ಬೀದಿ ಇಕ್ಕಟ್ಟಾಗಿತ್ತು. ಒಂದು ತಿರುವು ಕಳೆದ ಮೇಲೆ ಅವಳಿಗೆ ಲಾರಿ ಕಾಣಿಸಿತು. ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತಿತ್ತು. ಮೇಲೆ ಇಬ್ಬರು, ಮೈತುಂಬ ತಗಡು ಹೇರಿಕೊಂಡ ಲಾರಿಯ ಬೆನ್ನಿನಿಂದ, ಕಬ್ಬಿಣದ ತಗಡುಗಳನ್ನು ಎತ್ತಿ ಅಂಗಡಿಯ ಬದಿಯ ನೆಲಕ್ಕೆ ಬಿಸಾಕಲು ಸಿದ್ಧವಾಗುತ್ತಿದ್ದರು. ಇನ್ನೂ ಒಂದನ್ನೂ ಹಾಕಿರಲಿಲ್ಲ. ಲಾರಿಯ ಹಿಂಬದಿ ಒಬ್ಬ ಕೂಲಿಯವನು ಬಗ್ಗಿ, ಬಾಟಲಿಯ ನೀರಿನಲ್ಲಿ ಮುಖ ತೊಳೆದುಕೊಳ್ಳುತ್ತಿದ್ದ.

ಬೇರೆ ದಿನವಾಗಿದ್ದರೆ ಅಷ್ಟು ಹೊತ್ತಿಗೆ ಅವಳ ಕೈ ಅವನ ತೋಳಿನ ಮೇಲಿರುತ್ತಿತ್ತು. ಮಾತೊಂದನ್ನು ತೆಗೆದು, ಏನೋ ಮರೆತವಳ ಹಾಗೆ, ಅವನನ್ನು ಬಂದ ದಾರಿಗೇ ತಿರುಗಿಸಿರುತ್ತಿದ್ದಳು. ಎಲ್ಲರ ಮನೆಯಲ್ಲಿ ಇರುವ ಹಾಗೆ ಇರಬೇಕು ಎಂದಿದ್ದಾರೆ. ಎಲ್ಲರ ಮನೆಯ ಹೆಂಡತಿಯರು ಲಾರಿ ನೋಡಿ ದಾರಿ ಬದಲಿಸುತ್ತಾರೆಯೇ? ಅವಳು ಕೈಯನ್ನು ಚೀಲದೊಳಗೆ ಹಾಕಿದಳು. ಮೊಬೈಲು ತಣ್ಣಗಿತ್ತು.

ಎರಡು ಹೆಜ್ಜೆ ಹಿಂದೆ ಬಿದ್ದಳು. ಅವನು ಮುಂದೆ ಹೋದ. ಪಕ್ಕದಲ್ಲಿ ಅವಳಿಲ್ಲದ್ದು ಗೊತ್ತಾಗಿ ಲಾರಿಯ ಹತ್ತಿರ ನಿಂತು, ಹಿಂದಿರುಗಿ ಹುಡುಕಿದ. ಜನರ ನಡುವೆ ಅವಳು ಸಿಕ್ಕಿದಳು. ಅವಳ ಕೈಯಲ್ಲಿದ್ದ ಮೊಬೈಲು ತನ್ನತ್ತ ತಿರುಗಿರುವುದು ಕಂಡಿತು.

ಅವನ ಮುಖ ಸಡಿಲವಾಯಿತು. ಹೆಂಡತಿ ತನ್ನ ಫೋಟೋ ತೆಗೆಯದೆ ಎಷ್ಟೋ ಕಾಲವಾಗಿತ್ತು. ಕತ್ತಿನ ಗುಂಡಿ ಹಾಕಿಕೊಂಡ. ಅಂಗೈಯಿಂದ ಕೂದಲು ಒತ್ತಿಕೊಂಡ. ಆಮೇಲೆ ನಕ್ಕ, ಸಂಕೋಚದಿಂದ, ಹಲ್ಲು ಕಾಣುವ ಹಾಗೆ.

"ಸರಿಯಾಗಿ ಬರ್ತಿದ್ದೀನಾ?" ಎಂದು ಅಲ್ಲಿಂದಲೇ ಕೇಳಿದ.

ತೆರೆಯಲ್ಲಿ ಅವನ ತಲೆಯ ಮೇಲ್ಭಾಗದಲ್ಲಿ ಇಬ್ಬರು ಬಗ್ಗಿ ತಗಡಿನ ಎರಡು ತುದಿ ಹಿಡಿದಿದ್ದರು. ಪೂರ್ತಿ ಕಾಣುತ್ತಿರಲಿಲ್ಲ.

"ಇನ್ನೊಂದು ಹೆಜ್ಜೆ ಹಿಂದಕ್ಕೆ," ಎಂದಳು ಅವಳು. ದನಿ ತನ್ನದೇ ಎಂದು ಅವಳಿಗೆ ಗುರುತು ಸಿಕ್ಕಿತು.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಸಾಲದೇನೋ ಎಂದು ಇನ್ನೊಂದು ಹೆಜ್ಜೆ ಇಟ್ಟ. ಮುಖ ತೊಳೆಯುತ್ತಿದ್ದ ಕೂಲಿಯವನ ಪಕ್ಕದಲ್ಲೇ, ಕೈಗಳನ್ನು ತೊಡೆಗೆ ಅಂಟಿಸಿ, ಗದ್ದ ಎತ್ತಿ, ನಗುತ್ತ, ಅಲ್ಲಾಡದೆ ನಿಂತ. ಮೇಲಿನ ಇಬ್ಬರು ತಗಡನ್ನು ತಲೆಯೆತ್ತರಕ್ಕೆ ಎತ್ತಿದರು. ತಗಡಿನ ಮೇಲಿಂದ ಬಿಸಿಲು ಅವನ ಮುಖಕ್ಕೆ ಬಿತ್ತು. ಮೊಬೈಲಿನ ಮೂಲೆಯಲ್ಲಿ ಕೆಂಪು ಚುಕ್ಕೆ ಮಿನುಗುತ್ತಿತ್ತು.